ಒಂದು ದಾರಂದ, ಒಂದು ಮೇಜು

ಮಲೆನಾಡಿನಲ್ಲಿ ಹಳೆಯ ಮನೆಯೊಂದು ಕೆಳಗಿಳಿಯುತ್ತದೆ ಎಂಬ ಸುದ್ದಿ ಹಬ್ಬಿದರೆ ಸಾಕು, ಮಾಡಿನ ಹೆಂಚು ತೆಗೆಯುವ ಮೊದಲೇ ಗಿರಾಕಿಗಳು ಅಂಗಳದಲ್ಲಿರುತ್ತಾರೆ. ಕೆತ್ತನೆಯ ಹೆಬ್ಬಾಗಿಲು, ಮುಂಡಿಗೆ, ಬೋದಿಗೆಗಳಿಗೆ ಮೊದಲ ಮುಂಗಡ. ಅವು ಯಾವುದೋ ಹೋಮ್‌ಸ್ಟೇಯ ಜಗಲಿಯಲ್ಲೋ ಬೆಂಗಳೂರಿನ ಹೋಟೆಲಿನ ಮುಂಗೋಣೆಯಲ್ಲೋ ಮತ್ತೆ ಎದ್ದು ನಿಲ್ಲುತ್ತವೆ. ಹೆಂಚು ನೂರರ ಲೆಕ್ಕದಲ್ಲಿ ಹೋಗುತ್ತದೆ, ಕಿಟಕಿಯ ಸರಳು ಕಿಲೋ ಲೆಕ್ಕದಲ್ಲಿ ಗುಜರಿಗೆ. ಕೊನೆಗೆ ಯಾರಿಗೂ ಬೇಡವಾಗಿ ಉಳಿಯುವುದು ಒಳಕೋಣೆಗಳ ಬೋಳು ದಾರಂದ, ತುದಿ ಲಡ್ಡಾದ ಪಕಾಸಿ, ಅಟ್ಟದ ಹಲಗೆಯ ಚೂರುಪಾರು. ಅವೆಲ್ಲ ಕೊಟ್ಟಿಗೆಯ ಹಿಂದೆ ಒಂದು ಮಳೆಗಾಲ ನೆನೆದು, ಒಂದು ಬೇಸಿಗೆ ಒಣಗಿ, ಆಮೇಲೆ ಬಚ್ಚಲ ಒಲೆ ಸೇರುತ್ತವೆ.

ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಇಡಿಯಾಗಿ ಕಳಚಿ ತಂದು ಮತ್ತೆ ಜೋಡಿಸಿ ‘ಹಸ್ತಶಿಲ್ಪ’ದ ಪಾರಂಪರಿಕ ಗ್ರಾಮವನ್ನೇ ಕಟ್ಟಿದರು. ಅದು ದೊಡ್ಡ ಮಾತು. ನಾನು ಹೇಳಹೊರಟಿರುವುದು ಬಚ್ಚಲ ಒಲೆಯ ದಾರಿಯಲ್ಲಿರುವ ಮರದ ವಿಚಾರ. ಅದರಲ್ಲೂ ಒಂದೇ ಒಂದು ದಾರಂದದ್ದು.

ಲೆಕ್ಕ ಹಾಕಿ ನೋಡಿ. ನಮ್ಮ ಕಡೆಯ ಸಾಧಾರಣ ದಾರಂದಕ್ಕೆ 5 ಇಂಚು ಅಗಲ, 3 ಇಂಚು ದಪ್ಪದ ಮರ ಹಾಕಿರುತ್ತಾರೆ. 7 ಅಡಿಯ ಎರಡು ನಿಲುವು, 4 ಅಡಿಯ ಮೇಲಡ್ಡ, ಅಷ್ಟೇ ಉದ್ದದ ಹೊಸ್ತಿಲು. ಒಟ್ಟು 22 ಅಡಿ. ಘನ ಅಡಿಗೆ ತಂದರೆ ಹತ್ತಿರ ಹತ್ತಿರ 2.3. ಇನ್ನು 4 ಅಡಿ ಉದ್ದ, 22 ಇಂಚು ಅಗಲ, 30 ಇಂಚು ಎತ್ತರದ ಓದು-ಬರಹದ ಮೇಜಿಗೆ ಎಷ್ಟು ಮರ ಬೇಕು? ಇಂಚು ದಪ್ಪದ ಮೇಲ್ಹಲಗೆ, ಎರಡೂಕಾಲು ಇಂಚು ಚೌಕದ ನಾಲ್ಕು ಕಾಲು, ಕಾಲುಗಳನ್ನು ಸುತ್ತ ಬಿಗಿಯುವ 4 ಇಂಚಿನ ಪಟ್ಟಿ, ಎಲ್ಲ ಸೇರಿ ಒಂದೂಕಾಲು ಘನ ಅಡಿ. ಗರಗಸ ತಿಂದಿದ್ದು, ತೋಪಡದ ಸಿಪ್ಪೆ, ಲಡ್ಡು ಕತ್ತರಿಸಿದ್ದು ಎಲ್ಲ ಕಳೆದರೂ ಒಂದು ದಾರಂದದಲ್ಲಿ ಒಂದು ಮೇಜು ಕೂತಿದೆ.

ಆದರೆ ಘನ ಅಡಿಯ ಲೆಕ್ಕ ಕಾಗದಕ್ಕೆ ಸರಿ, ಮರ ಆ ಲೆಕ್ಕ ಕೇಳುವುದಿಲ್ಲ. ಹೊಸ ಮರ ತರುವವನು ಮೊದಲು ಮೇಜಿನ ಚಿತ್ರ ಬರೆದು, ಆಮೇಲೆ ಅದಕ್ಕೆ ತಕ್ಕ ಹಲಗೆ ಕೊಯ್ಸುತ್ತಾನೆ. ಉಳಿಕೆ ಮರದವನ ದಾರಿ ಉಲ್ಟಾ. ಯಾವ ತುಂಡು ಎಷ್ಟು ಉದ್ದ ಗಟ್ಟಿಯಾಗಿದೆ, ಗುಳಿ ಎಲ್ಲಿದೆ, ಗಂಟು ಎಲ್ಲಿದೆ ಎಂದು ನೋಡಿಕೊಂಡೇ ಅಳತೆ ಹುಟ್ಟಬೇಕು. ಮೇಲಿನ ಮೇಜಿಗೆ 22 ಇಂಚು ಅಗಲ ಬಂದದ್ದೂ ಹಾಗೆಯೇ, ಯಾವ ಪುಸ್ತಕದಿಂದಲೂ ಅಲ್ಲ. ದಾರಂದದ ಒಳಮೈಯಲ್ಲಿ ಬಾಗಿಲು ಕೂರಲು ಅರ್ಧ ಇಂಚು ಆಳದ ಪಾಟು ತೆಗೆದಿರುತ್ತಾರೆ. 3 ಇಂಚು ದಪ್ಪದ ಮರವನ್ನು ಎರಡು ಹಲಗೆಯಾಗಿ ಸೀಳಿದರೆ ಒಂದಕ್ಕೆ ಪೂರ್ತಿ ಅಗಲ, ಪಾಟಿನ ಕಡೆಯದಕ್ಕೆ ಅರ್ಧ ಇಂಚು ಖೋತಾ. ಅಂಚು ಸವರಿ, ಮೂರು ಅಗಲದವು, ಎರಡು ಕಿರಿದಾದವು ಎಂದು ಐದು ಹಲಗೆ ಜೋಡಿಸಿದರೆ 22 ಇಂಚು ದಾಟುತ್ತದೆ, 23 ಮುಟ್ಟುವುದಿಲ್ಲ. ಅಷ್ಟೇ ಸಾಕು ಎಂದುಕೊಳ್ಳುವುದು.

ಕೊಯ್ಯುವ ಕ್ರಮ ಹೀಗೆ. 7 ಅಡಿಯ ನಿಲುವುಗಳನ್ನು 4 ಅಡಿ, 3 ಅಡಿಯಾಗಿ ತುಂಡರಿಸಬೇಕು. 4 ಅಡಿಯ ಎರಡು ತುಂಡು ಮತ್ತು ಮೇಲಡ್ಡ, ಈ ಮೂರನ್ನು ಸೀಳಿದರೆ ಆರು ಹಲಗೆ. ಐದು ಮೇಲ್ಮೈಗೆ, ಆರನೆಯದು ಅಕ್ಕಪಕ್ಕದ ಪಟ್ಟಿಗಳಿಗೆ. 3 ಅಡಿಯ ತುಂಡುಗಳನ್ನು ನಿಲುವಾಗಿ ಸೀಳಿದರೆ ನಾಲ್ಕು ಕಾಲು ಸಿದ್ಧ. ನಿಲುವಿನ ಬುಡದ ನಾಲ್ಕಾರು ಇಂಚು ನೆಲದ ಪಸೆ ಕುಡಿದು ಲಡ್ಡಾಗಿರುವುದೇ ಹೆಚ್ಚು. ಆ ತುದಿ 3 ಅಡಿಯ ತುಂಡಿನ ಪಾಲಿಗೆ ಬರುವಂತೆ ಗುರುತು ಹಾಕಿಕೊಂಡರೆ, ಕತ್ತರಿಸಿ ಎಸೆದ ಮೇಲೂ ಕಾಲಿಗೆ ಬೇಕಾದ 29 ಇಂಚು ಉಳಿಯುತ್ತದೆ.

ಉಳಿಯಿತು ಹೊಸ್ತಿಲು. ಇದೊಂದು ವಿಷಯಕ್ಕೆ ಮನೆಯಲ್ಲಿ ಮಾತು ಏಳುತ್ತದೆ. ಅರಿಸಿನ ಹಚ್ಚಿ, ಎಳೆ ಬರೆದು, ತುಳಿಯದೆ ದಾಟಿದ ಮರವನ್ನು ಗರಗಸಕ್ಕೆ ಕೊಡುವುದೇ? ಬಚ್ಚಲ ಒಲೆಗೆ ಹಾಕುವಾಗ ಏಳದ ಈ ಪ್ರಶ್ನೆ ಮೇಜು ಮಾಡುವಾಗ ಯಾಕೆ ಏಳುತ್ತದೋ ನನಗೆ ತಿಳಿಯದು. ನಮ್ಮ ಆಚಾರಿ ಇದನ್ನು ಚೆನ್ನಾಗಿ ನಿಭಾಯಿಸುತ್ತಾರೆ. “ಪುಸ್ತಕ ಇಡೋ ಮೇಜಲ್ವಾ, ಸರಸ್ವತಿ ಕೂರ್ತಾಳೆ” ಎಂದು ಹೇಳಿ ಹೊಸ್ತಿಲನ್ನು ಮುಂದಿನ-ಹಿಂದಿನ ಪಟ್ಟಿಗೆ ಎತ್ತಿಡುತ್ತಾರೆ. ಅವರ ನಿಜವಾದ ಕಾರಣ ಬೇರೆ: ಹೊಸ್ತಿಲಿಗೆ ಹಳಬರು ಗಂಟಿಲ್ಲದ, ನೇರ ಎಳೆಯ ಮರವನ್ನೇ ಆರಿಸುತ್ತಿದ್ದರು. ಮುಂದಿನ ಪಟ್ಟಿಯಲ್ಲಿ ಆಮೇಲೆ ಕೂರಿಸಲಿರುವ ಡ್ರಾವರಿನ ಮುಖಕ್ಕೆ ಬೇಕಾದದ್ದೂ ಅದೇ.

ಯಾವ ಮರ ಎಂಬುದು ಬಣ್ಣ ಕೆರೆಯುವವರೆಗೆ ಗೊತ್ತಾಗುವುದಿಲ್ಲ. ನಾಲ್ಕೈದು ಕೋಟು ಪೇಂಟಿನ ಕೆಳಗೆ ಎಲ್ಲ ಮರವೂ ಒಂದೇ. ಇಲ್ಲಿ ಒಂದು ಎಚ್ಚರ ಬೇಕು. ಹಳೆಯ ಎನಾಮೆಲ್ ಪೇಂಟುಗಳಲ್ಲಿ ಸೀಸ ಧಾರಾಳವಾಗಿ ಇರುತ್ತಿತ್ತು. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರಲ್ಲಿ. ಆದ್ದರಿಂದ ಹಳೆಯ ಪೇಂಟನ್ನು ಒಣಗಿದ್ದಾಗ ಮರಳು ಕಾಗದದಿಂದ ಉಜ್ಜಬಾರದು, ಬೆಂಕಿ ಹಿಡಿದು ಸುಡಲೂಬಾರದು. ಒದ್ದೆ ಮಾಡಿ ಕೆರೆದು, ಕೆರೆದದ್ದನ್ನು ಕಾಗದದಲ್ಲಿ ಸುತ್ತಿ ಎತ್ತಬೇಕು. ಮಕ್ಕಳು ಆ ಜಾಗದಲ್ಲಿ ಆಡಬಾರದು.

ಬಣ್ಣ ಹೋದ ಮೇಲೆ ಒಂದು ಮೂಲೆಯನ್ನು ಉಳಿಯಿಂದ ಚೂರು ಕೆತ್ತಿದರೆ ಮರ ತಾನೇ ಹೆಸರು ಹೇಳುತ್ತದೆ. ಸಾಗುವಾನಿಯಾದರೆ ಹಳೆಯ ಚರ್ಮದ್ದೊಂದು ವಾಸನೆ, ಕೈಗೆ ಎಣ್ಣೆ ಹತ್ತಿದಂಥ ಜಿಡ್ಡು, ಅಡ್ಡ ಕೊಯ್ದ ತುದಿಯಲ್ಲಿ ವರ್ಷದ ಬಳೆಗಳ ಗುಂಟ ಸಾಲು ಹಿಡಿದ ರಂಧ್ರ. ಹಲಸಾದರೆ ಒಳಗೆ ಹಳದಿ. ಗಾಳಿ ಬೆಳಕಿಗೆ ಬಿದ್ದ ಮೈ ಮಾತ್ರ ಕಂದು. ಹೊನ್ನೆಯ ಹುಡಿಗೆ ನೀರು ಬಿದ್ದರೆ ನೀರಿಗೆ ನೀಲಿ ಛಾಯೆ ಬರುತ್ತದೆ. ಮತ್ತಿ ಕಪ್ಪು ಗೀರುಗಳ ಕಂದು ಮರ, ಎತ್ತಿದರೆ ತೂಕದಲ್ಲೇ ಗೊತ್ತಾಗುತ್ತದೆ. ಅನುಮಾನವಿದ್ದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಕಾಷ್ಠ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ. 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಶುರುವಾದದ್ದು. ತುಂಡು ಕೊಟ್ಟರೆ ಯಾವ ಮರವೆಂದು ಅಲ್ಲಿ ಗುರುತು ಹಿಡಿದು ಹೇಳುತ್ತಾರೆ. ಒಂದು ಮೇಜಿಗೆ ಅಷ್ಟು ದೂರ ಯಾರೂ ಹೋಗುವುದಿಲ್ಲ ಅನ್ನಿ.

ಆಮೇಲೆ ಮೊಳೆ. ಹಳೆಯ ಮರವೆಂದರೆ ಸಾಮಿಲ್ಲಿನವರು ದೂರದಿಂದಲೇ ಕೈಮುಗಿಯುವುದು ಇದಕ್ಕೇ. ತಲೆ ಮುರಿದು ಒಳಗೇ ಉಳಿದ ಒಂದು ಮೊಳೆ ಸಾಕು, ಬ್ಯಾಂಡ್‌ಸಾ ಬ್ಲೇಡಿನ ಹಲ್ಲು ಸಾಲಾಗಿ ಉದುರುತ್ತವೆ. “ಬ್ಲೇಡ್ ಹೋದ್ರೆ ದುಡ್ಡು ನಿಮ್ದು” ಎಂದು ಹೇಳಿಯೇ ಕೊಯ್ಯುತ್ತಾರೆ. ಹಳೆಯ ಸ್ಪೀಕರಿನ ಆಯಸ್ಕಾಂತವೊಂದನ್ನು ದಾರಕ್ಕೆ ಕಟ್ಟಿ ಮರದ ಮೈಗುಂಟ ನಿಧಾನ ಇಳಿಬಿಟ್ಟುಕೊಂಡು ಹೋದರೆ ಮೊಳೆಯಿದ್ದ ಕಡೆ ದಾರ ಓರೆಯಾಗುತ್ತದೆ. ಕ್ಯಾಲೆಂಡರಿನ ಮೊಳೆ, ತೋರಣದ ಮೊಳೆ, ಸೊಳ್ಳೆ ಪರದೆಯ ಮೊಳೆ, ಒಂದು ದಾರಂದದಲ್ಲಿ ಒಂದು ಸಂಸಾರದಷ್ಟು ಮೊಳೆ. ಮತ್ತಿ, ಹೊನ್ನೆಯಂಥ ಒಗರಿನ ಮರದಲ್ಲಿ ಕಬ್ಬಿಣ ಕೂತ ಕಡೆ ಮಸಿಗಪ್ಪು ಕಲೆ ಇಳಿದಿರುತ್ತದೆ. ಅದನ್ನು ತೆಗೆಯಲು ಹೋಗಿ ಗುಂಡಿ ಮಾಡುವುದಕ್ಕಿಂತ ಇರಲಿ ಬಿಡಿ ಎನ್ನುವವನು ನಾನು. ತೂತುಗಳಿಗೆ ಅದೇ ಮರದ ಹುಡಿ ಮತ್ತು ಅಂಟು ಕಲಸಿ ತುಂಬಿದರೂ ಬಣ್ಣ ಹೊಂದುವುದಿಲ್ಲ, ಇನ್ನೂ ಎದ್ದು ಕಾಣುತ್ತದೆ. ಅದೇ ಮರದ ಚಿಕ್ಕ ಬೆಣೆಯನ್ನು ಎಳೆ ಕೂಡಿಸಿ ಬಡಿದು ಸಮ ಮಾಡುವುದು ಲೇಸು.

ಹಳೆಯ ಮರದ ಬಗ್ಗೆ ಎಲ್ಲರೂ ಹೇಳುವ ಒಂದು ಮಾತಿದೆ: “ನೂರು ವರ್ಷ ಒಣಗಿದ ಮರ, ಇನ್ನು ಅಲ್ಲಾಡಲ್ಲ.” ಅರ್ಧ ನಿಜ. ಹಸಿ ಮರದ ಸೊಟ್ಟ, ಬಿರುಕು, ಸೀಳು ಎಲ್ಲ ಮುಗಿದಿರುತ್ತದೆ, ಹೌದು. ಆದರೆ ಗಾಳಿಯ ತೇವ ಕುಡಿದು ಹಿಗ್ಗುವುದು, ಒಣ ಹವೆಗೆ ಕುಗ್ಗುವುದು ಮರಕ್ಕೆ ಯಾವ ವಯಸ್ಸಿನಲ್ಲೂ ತಪ್ಪುವುದಿಲ್ಲ. ಗಾಳಿಯ ಆರ್ದ್ರತೆ ಶೇ 85ರಲ್ಲಿ ನಿಂತರೆ ಮರದೊಳಗಿನ ತೇವ ಶೇ 17ರ ಸುಮಾರಿಗೆ ಏರುತ್ತದೆ. ಶೇ 40ಕ್ಕೆ ಇಳಿದರೆ ಮರ 7-8ಕ್ಕೆ ಬರುತ್ತದೆ. ಆಗುಂಬೆ ಸೀಮೆಯ ಜುಲೈಗೂ ಬೆಂಗಳೂರಿನ ಮಾರ್ಚಿಗೂ ಇರುವ ಅಂತರ ಇದು. ಉದ್ದಕ್ಕೆ ಮರ ಅಲುಗುವುದಿಲ್ಲವೆಂದೇ ಹೇಳಬಹುದು. ಅಲುಗುವುದು ಅಗಲಕ್ಕೆ, ಅದರಲ್ಲೂ ವರ್ಷದ ಬಳೆಯ ಗುಂಟ ಹೆಚ್ಚು. ಸಾಗುವಾನಿ ಹಸಿಯಿಂದ ಪೂರ್ತಿ ಒಣಗುವಾಗ ಬಳೆಯ ಗುಂಟ ಶೇ 5.8, ಬಳೆಗೆ ಅಡ್ಡವಾಗಿ ಬರೀ 2.5 ಕುಗ್ಗುತ್ತದೆ. ಉಳಿದ ಮರಗಳಿಗೆ ಹೋಲಿಸಿದರೆ ಇದು ತೀರಾ ಕಡಿಮೆ, ಸಾಗುವಾನಿಗೆ ಬೆಲೆ ಬಂದಿರುವ ಕಾರಣಗಳಲ್ಲಿ ಒಂದು. ಆದರೂ ಒಂದೇ ಊರಿನಲ್ಲಿ ನಿಂತ ನಮ್ಮ 22 ಇಂಚಿನ ಮೇಲ್ಹಲಗೆ ಮಳೆಗಾಲಕ್ಕೂ ಬೇಸಿಗೆಗೂ ನಡುವೆ ಒಂದರಿಂದ ಒಂದೂವರೆ ನೂಲು ಉಸಿರಾಡೀತು. ಬಡಗಿಯ ಲೆಕ್ಕದಲ್ಲಿ ಇಂಚಿಗೆ ಎಂಟು ನೂಲು.

ಮೇಜು ಮಾಡುವುದರ ಮುಕ್ಕಾಲು ವಿದ್ಯೆ ಈ ಒಂದೂವರೆ ನೂಲಿಗೆ ಜಾಗ ಬಿಡುವುದರಲ್ಲಿದೆ. ಮೇಲ್ಹಲಗೆಯನ್ನು ಕೆಳಗಿನ ಪಟ್ಟಿಗೆ ಅಂಟು ಹಾಕಿ, ಮೊಳೆ ಜಡಿದು ಕೂರಿಸಿದರೆ ಮೊದಲ ಬೇಸಿಗೆಗೇ ಹಲಗೆ ನಡುವೆ ಸೀಳುತ್ತದೆ; ಮರದ ತಪ್ಪಲ್ಲ. ಪಟ್ಟಿಯ ಒಳಮೈಗೆ ಗಾಡಿ, ಅಂದರೆ ಉದ್ದನೆಯ ತೋಡು, ಹೊಡೆದು, ಅದರಲ್ಲಿ ನಾಲಿಗೆ ತೂರಿಸುವ ಹೆಬ್ಬೆರಳಷ್ಟು ಮರದ ಗುಬ್ಬಿಗಳನ್ನು ಮಾಡಿ, ಗುಬ್ಬಿಯನ್ನು ಮಾತ್ರ ಮೇಲ್ಹಲಗೆಗೆ ಸ್ಕ್ರೂ ಹಾಕಬೇಕು. ಹಲಗೆ ಹಿಗ್ಗಿದಾಗ ಗುಬ್ಬಿ ಗಾಡಿಯಲ್ಲಿ ಜಾರುತ್ತದೆ, ಹಿಡಿತ ಬಿಡುವುದಿಲ್ಲ. ಕಾಲಿಗೂ ಪಟ್ಟಿಗೂ ಮಾತ್ರ ಗುಳಿ-ನಾಲಿಗೆಯ ಬಿಗಿ ಜೋಡಣೆಯೇ ಆಗಬೇಕು. ದಾರಂದವನ್ನು ಕೂರಿಸಿದವರೂ ಅದೇ ಜೋಡಣೆ ಮಾಡಿರುತ್ತಾರೆ. ಬಿಚ್ಚುವಾಗ ಗಮನಿಸಿ, ಅಂಟಿನ ಸುಳಿವಿರುವುದಿಲ್ಲ, ಒಂದು ಮರದ ಗೂಟ ಅಷ್ಟೂ ವರ್ಷ ಹಿಡಿದಿರುತ್ತದೆ.

ಐದು ಹಲಗೆಗಳನ್ನು ಅಂಚಿಗೆ ಅಂಚು ಅಂಟಿಸುವಾಗ ಸಾಗುವಾನಿ ಒಂದು ತಕರಾರು ಮಾಡುತ್ತದೆ. ಗೆದ್ದಲನ್ನು ದೂರ ಇಡುವ ಅದರ ಎಣ್ಣೆಯಂಶವೇ ಅಂಟನ್ನೂ ದೂರ ಇಡುತ್ತದೆ. ತೋಪಡ ಹಾಕಿದ ಹೊಸ ಅಂಚನ್ನು ಥಿನ್ನರಿನಲ್ಲಿ ಒಮ್ಮೆ ಒರೆಸಿ, ತಡಮಾಡದೆ ಅಂಟಿಸಬೇಕು. ಫೆವಿಕಾಲ್ 1959ರಲ್ಲಿ ಬಂದಿತು. ಅದಕ್ಕೆ ಮೊದಲು ಚರ್ಮ, ಎಲುಬು ಬೇಯಿಸಿ ತೆಗೆದ ಗೋಂದನ್ನು ಬಿಸಿ ಮಾಡಿ ಹಚ್ಚುತ್ತಿದ್ದರು, ಆ ನಾತ ಮರೆಯುವಂಥದ್ದಲ್ಲ. ಉದ್ದನೆಯ ಕ್ಲಾಂಪುಗಳು ಇಲ್ಲದ ಕಡೆ ಆಚಾರಿಗಳು ಹಗ್ಗವನ್ನೇ ಬಳಸುತ್ತಾರೆ. ಹಲಗೆಗಳನ್ನು ಸುತ್ತಿ ಹಗ್ಗ ಬಿಗಿದು, ಹಗ್ಗಕ್ಕೂ ಅಂಚಿಗೂ ನಡುವೆ ಎದುರುಬದುರು ಬೆಣೆ ಕೊಟ್ಟು ಕೊಡತಿಯಿಂದ ಮೆಲ್ಲಗೆ ತಟ್ಟುತ್ತ ಹೋದರೆ, ಸಂದಿಯುದ್ದಕ್ಕೂ ಅಂಟು ಮಣಿಮಣಿಯಾಗಿ ಹೊರಬರುತ್ತದೆ. ಮಣಿ ಒಂದೇ ಸಮ ಬಂದರೆ ಅಂಚು ನೇರವಿದೆ ಎಂದು ಅರ್ಥ. ಎಲ್ಲೋ ಒಂದು ಗೇಣು ಒಣಗಿಯೇ ಇದ್ದರೆ ಅಲ್ಲಿ ಸಂದಿಯಿದೆ. ಬೆಣೆ ಹೆಚ್ಚು ಬಡಿದು ಮುಚ್ಚಬಹುದು, ಆದರೆ ಅದು ಮುಂದೊಂದು ದಿನ ಬಾಯಿ ಬಿಟ್ಟೇ ಬಿಡುತ್ತದೆ. ಬಿಚ್ಚಿ ಇನ್ನೊಮ್ಮೆ ತೋಪಡ ಹಾಕುವವನು ಆಚಾರಿ.

ಇಷ್ಟಾದರೆ ಮೇಜು ನಿಂತಿತು. ಊಟದ ಮೇಜಾದರೆ ಕೆಲಸ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಬರೆಯುವ ಮೇಜಿಗೆ ಡ್ರಾವರ್ ಇಲ್ಲದಿದ್ದರೆ ಏನೋ ಕೊರತೆ. ಮಂಡಿ ಅಂಗಡಿಗಳಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಕೂತು ಲೆಕ್ಕ ಬರೆಯುತ್ತಿದ್ದ ಗುಮಾಸ್ತರ ಮುಂದೆಯೂ ಇಳಿಜಾರು ಮುಚ್ಚಳದ ಪೆಟ್ಟಿಗೆ-ಮೇಜು ಇರುತ್ತಿತ್ತು: ಮೇಲೆ ಬರೆ, ಮುಚ್ಚಳ ಎತ್ತಿ ಒಳಗೆ ಇಡು. ಖಾಸಗಿ ಎನ್ನುವುದಕ್ಕೆ ಒಂದು ಜಾಗ ಬೇಕೆಂಬುದು ಹಳೆಯ ಆಸೆ.

ಡ್ರಾವರ್ ಎಂದ ಕೂಡಲೇ ಎಲ್ಲ ಅಂಗಡಿಯವರೂ ಕೊಡುವುದು ಬಾಲ್ ಬೇರಿಂಗಿನ ಸ್ಟೀಲ್ ಚಾನೆಲ್. ಎರಡು ಕಡೆಗೂ ಅರ್ಧರ್ಧ ಇಂಚು ಬಿಟ್ಟು ಸ್ಕ್ರೂ ಹಾಕಿದರೆ ಆಯಿತು. ಮಳೆಗಾಲ, ಬೇಸಿಗೆ ಎಂಬ ಚಿಂತೆಯಿಲ್ಲ. ಅಡುಗೆಮನೆಯಲ್ಲಿ ಪಾತ್ರೆ ತುಂಬಿದ ಖಾನೆಗೆ ಅದೇ ಸರಿ. ಬರೆಯುವ ಮೇಜಿಗೆ ಅದನ್ನು ಹಾಕುವುದು ನನಗೆ ಒಗ್ಗುವುದಿಲ್ಲ. ಮೂರು ಇಂಚೂ ಎತ್ತರವಿಲ್ಲದ, ಪೆನ್ನು-ಕಾಗದ ಬಿಟ್ಟರೆ ಬೇರೇನೂ ಹೊರದ ಪೆಟ್ಟಿಗೆಗೆ ಅಷ್ಟೊಂದು ಕಬ್ಬಿಣ ಯಾಕೆ? ಮರದ ಮೇಲೆ ಮರ ಜಾರುವ ಡ್ರಾವರನ್ನು ಸರಿಯಾಗಿ ಮಾಡಿದರೆ ಒಂದು ಬೆರಳಿಗೆ ಬರುತ್ತದೆ. ಸರಿಯಾಗಿ ಮಾಡದಿದ್ದರೆ ಅದರಷ್ಟು ಸಿಟ್ಟು ಬರಿಸುವ ವಸ್ತು ಮನೆಯಲ್ಲಿ ಇನ್ನೊಂದಿರದು.

ಸಿಟ್ಟಿನ ಮೂಲ ಅಳತೆಯಲ್ಲಿದೆ. ಡ್ರಾವರ್ ಅಗಲ ಹೆಚ್ಚಾಗಿ ಆಳ ಕಡಿಮೆಯಿದ್ದರೆ, ಒಂದು ಮೂಲೆ ಹಿಡಿದು ಎಳೆದಾಗ ಅದು ಓರೆಯಾಗಿ ಎರಡೂ ಕಡೆ ಕಚ್ಚಿಕೊಳ್ಳುತ್ತದೆ. ಎಷ್ಟು ಜೋರಾಗಿ ಎಳೆದರೆ ಅಷ್ಟು ಬಿಗಿ. ಆಳ ಹೆಚ್ಚು, ಅಗಲ ಕಡಿಮೆ ಇರಬೇಕು. ನಮ್ಮ ಮೇಜಿಗೆ 14 ಇಂಚು ಅಗಲ, 17 ಇಂಚು ಆಳ ಹೊಂದುತ್ತದೆ. ಮೇಜಿನ ಪೂರ್ತಿ ಉದ್ದಕ್ಕೂ ಒಂದೇ ಡ್ರಾವರ್ ಬೇಕೆಂದು ಹಟ ಹಿಡಿಯುವವರು ಚಾನೆಲ್ ಹಾಕಿಸಿಕೊಳ್ಳಲಿ.

ಡ್ರಾವರಿನ ಮುಖವನ್ನು ಬೇರೆ ಹಲಗೆಯಿಂದ ಮಾಡಬಾರದು. ಹೊಸ್ತಿಲಿನಿಂದ ಬಂದ ಮುಂದಿನ ಪಟ್ಟಿಯ ಮೇಲಿನಿಂದ ಮುಕ್ಕಾಲು ಇಂಚು, ಕೆಳಗಿನಿಂದ ಮುಕ್ಕಾಲು ಇಂಚು ಉದ್ದಕ್ಕೆ ಸೀಳಿ ತೆಗೆದು, ನಡುವಿನ ಭಾಗದಿಂದ 14 ಇಂಚು ಕತ್ತರಿಸಿಕೊಂಡು, ಉಳಿದದ್ದನ್ನು ಮೊದಲಿದ್ದ ಹಾಗೆಯೇ ಅಂಟಿಸಬೇಕು. ಆಗ ಪಟ್ಟಿಯ ನಡುವೆ ಕಿಟಕಿ ಉಳಿಯುತ್ತದೆ. ಕತ್ತರಿಸಿದ ತುಂಡೇ ಡ್ರಾವರಿನ ಮುಖ. ಮುಚ್ಚಿದಾಗ ಮರದ ಎಳೆ ಈ ತುದಿಯಿಂದ ಆ ತುದಿಗೆ ಮುರಿಯದೆ ಹರಿಯುತ್ತದೆ. ಹಿಡಿ ಇಲ್ಲದಿದ್ದರೆ ಅಲ್ಲೊಂದು ಡ್ರಾವರ್ ಇದೆಯೆಂದು ತಟ್ಟನೆ ತಿಳಿಯದು. ಗರಗಸದ ಹಲ್ಲು ಸಣ್ಣದಿದ್ದಷ್ಟೂ ಒಳ್ಳೆಯದು.

ಪಕ್ಕದ ಹಲಗೆಗಳಿಗೆ ಅಟ್ಟದ ಹಲಸು ಸಾಕು. ಅರ್ಧ ಇಂಚಿಗೆ ಸವರಿದರೆ ಹಗುರ, ಹುಳು ಹತ್ತುವುದಿಲ್ಲ. ವೀಣೆಯ ಕೊಡಕ್ಕೆ ಆಗುವ ಮರ ಡ್ರಾವರಿಗೆ ಆಗದೇ? ಮುಖಕ್ಕೂ ಪಕ್ಕಕ್ಕೂ ಡವ್‌ಟೇಲ್ ಜೋಡಣೆ ಹಾಕುವುದು ಚೆಂದಕ್ಕಲ್ಲ. ಡ್ರಾವರ್ ತನ್ನ ಜೀವಮಾನವೆಲ್ಲ ಎಳೆಸಿಕೊಳ್ಳುವುದು ಮುಂದಕ್ಕೆ. ಬಾಲದಂತೆ ಅಗಲಗೊಳ್ಳುವ ಹಲ್ಲು ಪಕ್ಕದ ಹಲಗೆಯಲ್ಲಿದ್ದರೆ, ಅಂಟು ಸೋತರೂ ಮುಖ ಕೈಗೆ ಕಿತ್ತು ಬರುವುದಿಲ್ಲ. ಗಟ್ಟಿ ಮರಕ್ಕೆ ಎಂಟಕ್ಕೆ ಒಂದರ ಓರೆ ರೂಢಿ. ತಳಕ್ಕೆ ನಾನು ಪ್ಲೈವುಡ್ಡನ್ನೇ ಹೇಳುವವನು. ಶುದ್ಧ ಮರದ ವ್ರತ ಹಿಡಿದವರು ಇಲ್ಲಿ ಮುಖ ಸಿಂಡರಿಸುತ್ತಾರೆ, ಆದರೆ ಹಿಗ್ಗದ-ಕುಗ್ಗದ ತೆಳು ತಳ ಬೇಕಾದಲ್ಲಿ ಅದಕ್ಕಿಂತ ಮೇಲಾದದ್ದಿಲ್ಲ.

ಡ್ರಾವರ್ ಓಡುವ ಕೆಳಪಟ್ಟಿಗೆ ರಾಶಿಯಲ್ಲಿ ಅತಿ ಗಟ್ಟಿಯಾದ ಚೂರು ಹುಡುಕಿ; ಮತ್ತಿಯ ಪಕಾಸಿ ಇದ್ದರೆ ಅದೃಷ್ಟ. ಡ್ರಾವರಿನ ಮೇಲುಗಡೆಯೂ ಒಂದು ಪಟ್ಟಿ ಬೇಕು, ಇಲ್ಲವಾದರೆ ಅರ್ಧ ಎಳೆದ ಕೂಡಲೇ ಮೂತಿ ಕೆಳಗೆ ಹಾಕುತ್ತದೆ. ಜಾರುವ ಮೈಗಳಿಗೆ ಪಾಲಿಶ್ ಬೇಡ, ಎಣ್ಣೆಯೂ ಬೇಡ. ಮೇಣದ ಬತ್ತಿ ಉಜ್ಜಿದರೆ ಸಾಕು.

ಉಳಿದದ್ದು ಮೇಲ್ಮೈಯ ಪಾಲಿಶ್. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯುಂಡೆಯಿಂದ ಹಚ್ಚುವ ಹಳೆಯ ಪಾಲಿಶ್ ಸಾಗುವಾನಿಗೆ ಚೆನ್ನ, ಆದರೆ ಬಿಸಿ ಕಾಫಿ ಲೋಟ ಇಟ್ಟರೆ ಬಿಳಿ ಬಳೆ ಮೂಡುತ್ತದೆ. ಕಾಫಿ ಬಿಡದವರು ಅಗಸೆ ಎಣ್ಣೆಗೆ ಹೋಗಲಿ. ಒಂದು ಮಾತು: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗಿ ಬಿಸಿಯೇರಿ ಬೆಂಕಿ ಹತ್ತುವುದುಂಟು. ಹರವಿ ಒಣಗಿಸಿ ಅಥವಾ ನೀರಿಗೆ ಹಾಕಿ.

ಇಷ್ಟೆಲ್ಲ ಮಾಡಿದರೆ ದುಡ್ಡು ಉಳಿಯಿತೇ? ಮರ ಬಿಟ್ಟಿ, ಕೂಲಿ ಬಿಟ್ಟಿಯಲ್ಲ. ಮೊಳೆ ಕಿತ್ತು, ಬಣ್ಣ ಕೆರೆದು, ಸೊಟ್ಟ ತೆಗೆಯುವ ಕೆಲಸ ಹೊಸ ಹಲಗೆಗೆ ಇರುವುದೇ ಇಲ್ಲ. ಆಚಾರಿಯ ದಿನಗೂಲಿ ಕೊಟ್ಟು ಮಾಡಿಸಿದರೆ ಅಂಗಡಿಯ ರೆಡಿಮೇಡ್ ಮೇಜಿಗಿಂತ ಖಂಡಿತ ದುಬಾರಿ. ಆದರೆ ಆ ಅಂಗಡಿ ಮೇಜು ಮರದ ಹುಡಿ ಒತ್ತಿ ಮಾಡಿದ್ದು. ಹೊಸ ಸಾಗುವಾನಿಯಲ್ಲೇ ಮಾಡಿಸುತ್ತೇನೆಂದು ಹೊರಟರೆ ಮಂಡಿಯಲ್ಲಿ ಸಿಗುವುದರಲ್ಲಿ ಬಹಳಷ್ಟು ಆಫ್ರಿಕದ, ದಕ್ಷಿಣ ಅಮೆರಿಕದ ತೋಟಗಳಲ್ಲಿ ಬೇಗ ಬೆಳೆಸಿ ಕಡಿದ ಮರ. ಅಗಲದ ಬಳೆ, ಬಿಳಿಭಾಗ ಹೆಚ್ಚು, ಚೇಗು ಕಡಿಮೆ. ಬರ್ಮಾ ತೇಗವನ್ನು ಮಾತಿನಲ್ಲಿ ಈಗಲೂ ಮಾರುತ್ತಾರೆ, ಆದರೆ ಮ್ಯಾನ್ಮಾರ್ ದಿಮ್ಮಿಗಳ ರಫ್ತನ್ನು 2014ರಲ್ಲೇ ನಿಲ್ಲಿಸಿತು. ಕೊಟ್ಟಿಗೆಯ ಹಿಂದೆ ಮಳೆಗೆ ಬಿದ್ದ ದಾರಂದದಲ್ಲಿ ಒತ್ತೊತ್ತು ಬಳೆಯ ಚೇಗು ಇದೆ. ಅದಕ್ಕೆ ಸಮನಾದದ್ದನ್ನು ದುಡ್ಡು ಕೊಟ್ಟು ತರಬೇಕೆಂದರೆ ಇನ್ನೊಂದು ಹಳೆಯ ಮನೆಯೇ ಇಳಿಯಬೇಕು.

ಮಳೆಗಾಲ ಶುರುವಾದ ಮೇಲೆ ಡ್ರಾವರ್ ಒಂದು ದಿನ ಬಿಗಿಯುತ್ತದೆ. ಎರಡೂವರೆ ಇಂಚಿನ ಪಕ್ಕದ ಹಲಗೆ ಹೆಚ್ಚೆಂದರೆ ಒಂದು ಮಿಲಿಮೀಟರ್ ಹಿಗ್ಗಿರುತ್ತದೆ, ಅಷ್ಟೇ. ಹಾಗೆಂದು ಆಗಲೇ ತೋಪಡ ಎತ್ತಬೇಡಿ. ಈಗ ತೆಗೆದ ಸಿಪ್ಪೆ ಬೇಸಿಗೆಯಲ್ಲಿ ಗಡಗಡ ಅಲ್ಲಾಡುವ ಸಂದಿಯಾಗುತ್ತದೆ. ಮೇಣ ಉಜ್ಜಿ, ಎರಡೂ ಕೈಯಲ್ಲಿ ಸಮನಾಗಿ ಎಳೆಯುತ್ತ ಸಂಕ್ರಾಂತಿಯವರೆಗೆ ಕಾಯಿರಿ. ಆಗಲೂ ಹಿಡಿಯುತ್ತಿದ್ದರೆ ಡ್ರಾವರನ್ನು ಪೂರ್ತಿ ಹೊರಗೆಳೆದು, ಪಕ್ಕದ ಹಲಗೆಯ ಮೇಲಂಚಿನಲ್ಲಿ ಮಿರಿಮಿರಿ ಮಿನುಗುವ ಕಡೆ ಎಲ್ಲಿದೆ ನೋಡಿ. ಉಜ್ಜಿದ ಜಾಗ ಅದು. ಅಲ್ಲಿಂದ ಮಾತ್ರ ಒಂದೇ ಒಂದು ಸಿಪ್ಪೆ ತೆಗೆಯಿರಿ, ಹಾಕಿ ನೋಡಿ, ಆಮೇಲೆ ಎರಡನೆಯದರ ಮಾತು.